ಅಡಿಬರಹಕ್ಕೆ ಹೆಸರು ಬಂದ ಬಗೆ: ಫಿಲಿಪೀನ್ಸ್ ಭಾವಚಿತ್ರಗಳ ಹಿನ್ನೆಲೆ

2023ರ ಏಪ್ರಿಲ್‌ನಲ್ಲಿ ವೋಗ್ ನಿಯತಕಾಲಿಕದ ಫಿಲಿಪೀನ್ಸ್ ಆವೃತ್ತಿಯ ಮುಖಪುಟದಲ್ಲಿ 106 ವರ್ಷದ ವಾಂಗ್-ಒಡ್ ಅಜ್ಜಿಯ ಚಿತ್ರ ಬಂತು. ತೆಗೆದವರು ಆರ್ಟು ನೆಪೊಮುಸೆನೊ. ಅಜ್ಜಿಯ ಊರು ಉತ್ತರ ಲುಜಾನ್‌ನ ಬೆಟ್ಟಸಾಲಿನ ಕಳಿಂಗ ಪ್ರಾಂತ್ಯದ ಬುಸ್ಕಲಾನ್ (ಅಶೋಕನ ಕಳಿಂಗಕ್ಕೂ ಇದಕ್ಕೂ ಸಂಬಂಧವಿಲ್ಲ). ಕಸುಬು ಹಚ್ಚೆ ಹಾಕುವುದು. ವೋಗ್ ಮುಖಪುಟಕ್ಕೆ ಬಂದವರಲ್ಲೇ ಅತಿ ಹಿರಿಯರು ಎಂಬ ಸುದ್ದಿ ಜಗತ್ತೆಲ್ಲ ಓಡಾಡಿತು. ಇದೇ ಬೆಟ್ಟಸಾಲಿನ ಜನರ ಚಿತ್ರಗಳು ನೂರು ವರ್ಷದ ಹಿಂದೆಯೂ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು ಎಂಬುದನ್ನು ಮಾತ್ರ ಹೆಚ್ಚಿನವರು ನೆನೆಯಲಿಲ್ಲ. ಆಗ ಚಿತ್ರದ ಕೆಳಗೆ ಸಾಮಾನ್ಯವಾಗಿ ಇರುತ್ತಿದ್ದುದು ಪಂಗಡದ ಹೆಸರು, ವ್ಯಕ್ತಿಯದಲ್ಲ. ಈಗಿನ ಫಿಲಿಪಿನೊ ಛಾಯಾಗ್ರಾಹಕರ ಭಾವಚಿತ್ರ ಸರಣಿಗಳನ್ನು ನೋಡುವಾಗ ಈ ಹಳೆಯ ಲೆಕ್ಕ ಗೊತ್ತಿರಬೇಕು. ಅವರು ಕ್ಯಾಮೆರಾ ಇಡುವ ಜಾಗ, ಹಿಂದೆ ಕಟ್ಟುವ ಬಟ್ಟೆ, ಕೆಳಗೆ ಬರೆಯುವ ಸಾಲು ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಆ ಹಳೆಯ ಚಿತ್ರಗಳಿಗೆ ಕೊಟ್ಟ ಉತ್ತರವೇ.

ಭಾವ ಬಂದರೆ ಅಳತೆ ಕೆಡುತ್ತದೆ

ಸ್ಪೇನ್ ಆಳ್ವಿಕೆಯ ಕಾಲದ ಕಥೆ ಬೇಗ ಮುಗಿಯುತ್ತದೆ. 1860ರ ದಶಕದಿಂದ ಮನಿಲಾದಲ್ಲಿ ಆಲ್ಬರ್ಟ್ ಹಾನಿಸ್, ಆಮೇಲೆ ಫ್ರಾನ್ಸಿಸ್ಕೊ ವಾನ್ ಕ್ಯಾಂಪ್ ಅವರ ಸ್ಟುಡಿಯೊಗಳಿದ್ದವು. ಸುಮಾರು 6 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ರಟ್ಟಿಗೆ ಅಂಟಿಸಿದ ಚಿಕ್ಕ ಚಿತ್ರಗಳದ್ದೇ ಆಗಿನ ವ್ಯಾಪಾರ. ಹಾಲು ಮಾರುವವಳು, ನೀರು ಹೊರುವವನು ಎಂದು ಕಸುಬಿನ ಪ್ರಕಾರ ಜನರನ್ನು ತೋರಿಸುವ ರೂಢಿ ಅದಕ್ಕೂ ಮೊದಲೇ ಜಲವರ್ಣ ಚಿತ್ರಗಳಲ್ಲಿತ್ತು. ಕ್ಯಾಮೆರಾ ಅದನ್ನೇ ಮುಂದುವರಿಸಿತು. ಆಂಟಿಕೆ ಪ್ರಾಂತ್ಯದ ಫೆಲಿಕ್ಸ್ ಲೌರಿಯಾನೊ 1895ರಲ್ಲಿ ಬಾರ್ಸಿಲೋನಾದಲ್ಲಿ 'ರೆಕುಯೆರ್ದೋಸ್ ದೆ ಫಿಲಿಪಿನಾಸ್' ಎಂಬ ಚಿತ್ರಸಂಪುಟ ಅಚ್ಚು ಹಾಕಿಸಿದರು. ಮೊದಲ ಫಿಲಿಪಿನೊ ಛಾಯಾಗ್ರಾಹಕ ಎಂದು ಗುರುತಿಸುವುದು ಅವರನ್ನೇ. ಚಿತ್ರಗಳ ಜೊತೆಗಿನ ಬರಹವೂ ಅವರದೇ. ತನ್ನ ಜನರ ಬಗ್ಗೆ ತಾನೇ ಬರೆದ ಅಡಿಬರಹ ಅಲ್ಲಿಂದ ಶುರುವಾಗುತ್ತದೆ. ಆದರೆ ಮೂರೇ ವರ್ಷಕ್ಕೆ ಆಳುವವರು ಬದಲಾದರು.

ಅಮೆರಿಕನ್ನರು ತಂದದ್ದು ಅಳತೆಯ ಚಿತ್ರ. 1903ರಲ್ಲಿ ಡೇನಿಯಲ್ ಫೋಕ್‌ಮಾರ್ ಎಂಬ ಮಾನವಶಾಸ್ತ್ರಜ್ಞ ಮನಿಲಾದ ಬಿಲಿಬಿಡ್ ಜೈಲಿನ ಕೈದಿಗಳನ್ನು ಅಳೆದು, ಫೋಟೊ ತೆಗೆಸಿ, ಮರುವರ್ಷ 80 ಪಟಗಳ ಆಲ್ಬಮ್ ಹೊರತಂದ. ಒಬ್ಬೊಬ್ಬರದೂ ಎದುರಿನಿಂದ ಒಂದು, ಪಕ್ಕದಿಂದ ಒಂದು. ಜೈಲೇ ಏಕೆ? ಎಲ್ಲ ದ್ವೀಪಗಳ ಜನ ಒಂದೇ ಗೋಡೆಯೊಳಗೆ ಸಿಗುತ್ತಾರೆ, ಯಾರೂ ಕೂರುವುದಿಲ್ಲ ಎನ್ನುವಂತಿಲ್ಲ. ಆಲ್ಬಮ್‌ನಲ್ಲಿ ಅವರು ಇರುವುದು ಆಯಾ ಪ್ರಾಂತ್ಯದ 'ಮಾದರಿ'ಗಳಾಗಿ.

ಈ ಬಗೆಯ ಚಿತ್ರಕ್ಕೆ ಕಟ್ಟುನಿಟ್ಟಾದ ವಿಧಾನವಿತ್ತು. 1869ರಲ್ಲೇ ಇಂಗ್ಲೆಂಡಿನ ಜೆ. ಲ್ಯಾಂಪ್ರಿ ಏಳಡಿ ಎತ್ತರ, ಮೂರಡಿ ಅಗಲದ ಮರದ ಚೌಕಟ್ಟಿಗೆ ಎರಡೆರಡು ಇಂಚಿನ ಚೌಕಗಳಾಗುವಂತೆ ರೇಷ್ಮೆ ದಾರ ಬಿಗಿದು, ಅದರ ಮುಂದೆ ಜನರನ್ನು ನಿಲ್ಲಿಸುವುದನ್ನು ತೋರಿಸಿಕೊಟ್ಟಿದ್ದ. ಕ್ಯಾಮೆರಾ ಮುಖದ ಮಟ್ಟದಲ್ಲಿರಬೇಕು, ದೂರ ಬದಲಾಗಬಾರದು. ಕಾರಣ ಸರಳ. ಮೂಗಿನ ತುದಿ ಕಿವಿಗಿಂತ ಸುಮಾರು 12 ಸೆಂ.ಮೀ. ಮುಂದಿರುತ್ತದೆ. ಒಂದು ಮೀಟರ್ ದೂರದಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಶೇ 12ರಷ್ಟು ದೊಡ್ಡದಾಗಿ ಬೀಳುತ್ತದೆ. ಮೂರು ಮೀಟರ್‌ನಿಂದ ತೆಗೆದರೆ ಶೇ 4ರಷ್ಟು. ತಲೆ ಕೊಂಚ ತಿರುಗಿದರೂ ದವಡೆಯ ಅಗಲ ಸುಳ್ಳಾಗುತ್ತದೆ. ನಕ್ಕರೆ ಕೆನ್ನೆ ಏರಿ ಲೆಕ್ಕ ತಪ್ಪುತ್ತದೆ. ಹಾಗಾಗಿ ಆ ಮುಖಗಳಲ್ಲಿ ಕಾಣುವ ನಿರ್ಭಾವವನ್ನು ಜನರ ಸ್ವಭಾವವೆಂದು ಓದುವುದು ತಪ್ಪು. ಭಾವ ಇರಕೂಡದೆಂಬುದು ತೆಗೆಯುವವರ ಷರತ್ತು. ನಮ್ಮಲ್ಲಿ ಇದು ಅಪರಿಚಿತವೇನಲ್ಲ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಅಳತೆಗೋಲು ಹಿಡಿದು ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟ ಮಾಡಿದ್ದು 1909ರಲ್ಲಿ. ದಕ್ಷಿಣ ಕನ್ನಡ, ಕೊಡಗಿನ ಸಮುದಾಯಗಳೂ ಅದರಲ್ಲಿವೆ.

ಫಿಲಿಪೀನ್ಸಿನಲ್ಲಿ ಇದನ್ನು ರಾಜಕೀಯಕ್ಕೆ ದುಡಿಸಿಕೊಂಡವನು ಡೀನ್ ವುರ್ಸೆಸ್ಟರ್. ಮೂಲತಃ ಪ್ರಾಣಿಶಾಸ್ತ್ರಜ್ಞ; 1901ರಿಂದ 1913ರವರೆಗೆ ವಸಾಹತು ಸರ್ಕಾರದ ಆಂತರಿಕ ವ್ಯವಹಾರಗಳ ಕಾರ್ಯದರ್ಶಿ. ಬೆಟ್ಟದ ಜನರ ಸಾವಿರಾರು ನೆಗೆಟಿವ್ ಕೂಡಿಸಿದ. ಆ ಕಾಲದ ಪುಸ್ತಕವೊಂದರಲ್ಲಿ ಅದೇ ಬೆಟ್ಟಸಾಲಿನ ಬೊಂತೊಕ್‌ನ ಒಬ್ಬನೇ ಮನುಷ್ಯನ ಮೂರು ಚಿತ್ರಗಳು ಅಕ್ಕಪಕ್ಕ ಇವೆ: 1901ರಲ್ಲಿ ಪೊಲೀಸ್ ದಳ ಸೇರಿದಾಗ, ಒಂದು ವರ್ಷದ ನಂತರ, ಎರಡು ವರ್ಷದ ನಂತರ. ಕೊನೆಯದರಲ್ಲಿ ಸಮವಸ್ತ್ರ. 'ನಮ್ಮ ಆಡಳಿತದಿಂದ ಮನುಷ್ಯನಾದ' ಎಂದು ಓದುಗ ತಾನಾಗಿಯೇ ಅಂದುಕೊಳ್ಳಬೇಕು. ಬದಲಾದದ್ದು ಕೂದಲು ಮತ್ತು ಬಟ್ಟೆ. ಹುದ್ದೆ ಬಿಟ್ಟ ಮೇಲೆ ಇಂಥ ಚಿತ್ರಗಳ ಸ್ಲೈಡ್ ಹಿಡಿದು ಅಮೆರಿಕದಲ್ಲಿ ಊರೂರು ಸುತ್ತಿ, ಫಿಲಿಪೀನ್ಸಿಗೆ ಸ್ವಾತಂತ್ರ್ಯ ಕೊಡಬಾರದೆಂದು ಭಾಷಣ ಮಾಡಿದ. 1904ರ ಸೇಂಟ್ ಲೂಯಿ ಜಾಗತಿಕ ಮೇಳದಲ್ಲಂತೂ 47 ಎಕರೆಯಲ್ಲಿ ಕೃತಕ ಹಳ್ಳಿ ಕಟ್ಟಿ, ಸಾವಿರಕ್ಕೂ ಹೆಚ್ಚು ಫಿಲಿಪಿನೊಗಳನ್ನು ಜನರ ನೋಟಕ್ಕೆ ಇಡಲಾಗಿತ್ತು.

ಬೊಂತೊಕ್‌ನ ಸ್ಟುಡಿಯೊ

ಇದಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು ಅದೇ ಬೆಟ್ಟಗಳಿಂದ. ಎಡ್ವಾರ್ಡೊ ಮಾಸ್ಫೆರೆ (1909–1995) ಸಗಾಡಾದಲ್ಲಿ ಹುಟ್ಟಿದವರು. ತಂದೆ ಸ್ಪೇನಿನವರು, ತಾಯಿ ಅಲ್ಲಿನ ಕಂಕನಾಯ್ ಬುಡಕಟ್ಟಿನವರು. ಫೋಟೊಗ್ರಫಿಯನ್ನು ತಾವೇ ಕಲಿತು, 1934ರಿಂದ 1956ರವರೆಗೆ ಸುತ್ತಲ ಹಳ್ಳಿಗಳ ಚಿತ್ರ ತೆಗೆದರು. ಯುದ್ಧದ ನಂತರ ಬೊಂತೊಕ್ ಪೇಟೆಯಲ್ಲಿ ಸ್ಟುಡಿಯೊ ಇಟ್ಟರು. ನನ್ನ ದೃಷ್ಟಿಯಲ್ಲಿ ಅವರ ಕೆಲಸದ ಬೆಲೆ ಈ ಅಂಗಡಿಯಲ್ಲೇ ಇದೆ. ಚಿತ್ರ ತೆಗೆಸಿಕೊಂಡವರೇ ಗಿರಾಕಿಗಳಾದರೆ ಮುಖ ಕೆಟ್ಟರೆ, ಕಣ್ಣು ಮುಚ್ಚಿದರೆ ತಕರಾರು ನೇರ ಚಿತ್ರ ತೆಗೆದವರ ಬಾಗಿಲಿಗೆ ಬರುತ್ತದೆ. ವುರ್ಸೆಸ್ಟರ್‌ಗೆ ಈ ಭಯ ಇರಲಿಲ್ಲ. ಮಾಸ್ಫೆರೆ ಚಿತ್ರಗಳಲ್ಲಿ ಜನ ನಗುತ್ತಾರೆ, ಚುಟ್ಟ ಸೇದುತ್ತಾರೆ, ಓರೆ ನಿಲ್ಲುತ್ತಾರೆ. ಅಳತೆಗೆ ಒಂದೂ ಪ್ರಯೋಜನವಿಲ್ಲ. ಹೊರಜಗತ್ತು ಅವರನ್ನು ಗುರುತಿಸಿದ್ದು 1980ರ ದಶಕದಲ್ಲಿ, ಕ್ಯಾಮೆರಾ ಕೆಳಗಿಟ್ಟು ಎಷ್ಟೋ ವರ್ಷವಾದ ಮೇಲೆ. 1988ರಲ್ಲಿ ಚಿತ್ರಸಂಪುಟ ಬಂತು. ಸ್ಮಿತ್ಸೋನಿಯನ್ ಸಂಸ್ಥೆ ಅವರ ಪ್ರಿಂಟ್‌ಗಳನ್ನು ಸಂಗ್ರಹಕ್ಕೆ ತೆಗೆದುಕೊಂಡಿತು.

ಹಚ್ಚೆಯ ಸಮಸ್ಯೆ

ಕಳಿಂಗದ ಹೆಂಗಸರ ತೋಳು, ಭುಜ, ಎದೆಯ ಮೇಲಿನ ಹಚ್ಚೆಗೆ ಅಲ್ಲಿ 'ಬಾತೊಕ್' ಎನ್ನುತ್ತಾರೆ. ಚಕ್ಕೋತ ಅಥವಾ ನಿಂಬೆ ಜಾತಿಯ ಗಿಡದ ಮುಳ್ಳನ್ನು ಕಡ್ಡಿಗೆ ಸಿಕ್ಕಿಸಿ, ಮಸಿ ಕಲಸಿದ ನೀರಲ್ಲಿ ಅದ್ದಿ, ಇನ್ನೊಂದು ಕೋಲಿನಿಂದ ಕುಟ್ಟುತ್ತಾರೆ. ಒಂದು ಕಾಲಕ್ಕೆ ಇದು ಹೆಣ್ಣಿನ ಚೆಲುವಿಗೆ ಗುರುತು. ಶಾಲೆ, ಚರ್ಚು, ಪೇಟೆ ಬಂದ ಮೇಲೆ ನಾಚಿಕೆಯ ವಸ್ತುವಾಗಿ, ಹೊಸಬರು ಹಾಕಿಸಿಕೊಳ್ಳುವುದು ನಿಲ್ಲುತ್ತ ಬಂತು.

ಪಕ್ಕದ ತುಗೆಗರಾವ್ ಪಟ್ಟಣದ ಜೇಕ್ ವರ್ಜೋಸಾ 2009ರಿಂದ 2013ರವರೆಗೆ ಕಳಿಂಗದ ಹಳ್ಳಿಗಳಿಗೆ ಹೋಗಿ ಈ ಅಜ್ಜಿಯರ ಕಪ್ಪು-ಬಿಳುಪು ಭಾವಚಿತ್ರ ತೆಗೆದರು. ಮನಿಲಾದ ಸಿಲ್ವರ್‌ಲೆನ್ಸ್ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು. ಜರ್ಮನಿಯ ಸ್ಟೈಡಲ್ ಪ್ರಕಾಶನ ಪುಸ್ತಕ ಮಾಡಿತು. ಫಿಲಿಪೀನ್ಸಿನ ಭಾವಚಿತ್ರ ಸರಣಿಗಳಲ್ಲಿ ಹೊರಗಿನವರಿಗೆ ಹೆಚ್ಚು ಗೊತ್ತಿರುವುದು ಬಹುಶಃ ಇದೇ.

ಕಪ್ಪು-ಬಿಳುಪಿನಲ್ಲಿ ಹಚ್ಚೆ ತೆಗೆಯುವುದು ಕಾಣುವಷ್ಟು ಸುಲಭವಲ್ಲ. ಚರ್ಮದಡಿಯ ಮಸಿ ಕಣ್ಣಿಗೆ ನೀಲಿ ಛಾಯೆಯಲ್ಲಿ ಕಾಣುತ್ತದೆ. ಕಂದು ಚರ್ಮ ಹೆಚ್ಚಾಗಿ ಕೆಂಪು, ಹಳದಿ ಬೆಳಕನ್ನು ಹಿಂದಿರುಗಿಸುತ್ತದೆ. ಹಳೆಯ ಗಾಜಿನ ತಟ್ಟೆಗಳು ನೀಲಿಗಷ್ಟೇ ಸ್ಪಂದಿಸುತ್ತಿದ್ದುದರಿಂದ ಚರ್ಮ ಕಪ್ಪಾಗಿ, ಹಚ್ಚೆ ತುಸು ತಿಳಿಯಾಗಿ ಬಿದ್ದು ಎರಡೂ ಒಂದರೊಳಗೊಂದು ಕರಗುತ್ತಿದ್ದವು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಈಗಿನ ಫಿಲ್ಮ್‌ಗೆ ಕಿತ್ತಳೆ ಅಥವಾ ಕೆಂಪು ಫಿಲ್ಟರ್ ಹಾಕಿದರೆ ಚರ್ಮ ತಿಳಿಯಾಗಿ ಹಚ್ಚೆ ಕಪ್ಪಾಗಿ ಎದ್ದು ನಿಲ್ಲುತ್ತದೆ. ಬೆಲೆ ಬೆಳಕಿನಲ್ಲಿ ತೆರಬೇಕು: ಕಿತ್ತಳೆಗೆ ಎರಡು ಸ್ಟಾಪ್, ಕೆಂಪಿಗೆ ಮೂರು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಐಎಸ್ಒ 400ರ ಫಿಲ್ಮ್‌ಗೆ ಮನೆಯ ಸೂರಿನ ನೆರಳಲ್ಲಿ ಲೆನ್ಸಿನ ತೆರಪು ಎಫ್ 5.6, 1/500 ಸೆಕೆಂಡು ಸಾಕಾಗುವಲ್ಲಿ ಕೆಂಪು ಫಿಲ್ಟರ್‌ಗೆ 1/60 ಬೇಕು. ಮಂಜು ಇಳಿದು ಇನ್ನೆರಡು ಸ್ಟಾಪ್ ಹೋದರೆ 1/15. ಅಷ್ಟು ಹೊತ್ತಿನಲ್ಲಿ ತೊಂಬತ್ತು ದಾಟಿದವರ ತಲೆ ಸಣ್ಣಗೆ ತೂಗುವುದೂ ಚಿತ್ರದಲ್ಲಿ ಕದಡಾಗಿ ಬರುತ್ತದೆ. ಟ್ರೈಪಾಡ್ ಇದ್ದರೂ ಉಪಯೋಗವಿಲ್ಲ.

ಡಿಜಿಟಲ್‌ನಲ್ಲಿ ಇದೇ ಕೆಲಸವನ್ನು ಕೆಂಪು ಏರಿಸಿ, ನೀಲಿ ಇಳಿಸಿ ಮಾಡಬಹುದು. ಅತಿ ಮಾಡಿದರೆ ಎರಡು ಕೇಡು: ಸುಕ್ಕುಗಳೆಲ್ಲ ಅಳಿಸಿ ಮುಖ ಮೇಣದ ಗೊಂಬೆಯಂತಾಗುತ್ತದೆ, ನೆರಳಿನ ಜಾಗದಲ್ಲಿ ಕಾಳುಕಾಳು ಏಳುತ್ತದೆ. ಹಿಂದೆ ಕತ್ತಲೆಯ ಬಾಗಿಲಿದ್ದರೆ ಕ್ಯಾಮೆರಾದ ಮೀಟರ್ ಮೋಸ ಹೋಗಿ ಮುಖವನ್ನು ಬೆಳ್ಳಗೆ ಸುಡುತ್ತದೆ. ಬೆಳಕು ಅಳೆಯುವ ಕೈ ಮೀಟರನ್ನು ಗಲ್ಲದ ಹತ್ತಿರ ಹಿಡಿಯುವುದು ಒಳ್ಳೆಯದು. ಅದಿಲ್ಲದಿದ್ದರೆ ಅದೇ ಬೆಳಕಿನಲ್ಲಿ ಅಂಗೈ ಅಳೆದು ಒಂದು ಸ್ಟಾಪ್ ಹೆಚ್ಚಿಗೆ ಕೊಡಬೇಕು. ಎದುರಿನಿಂದ ನೇರ ಫ್ಲಾಶ್ ಹೊಡೆದರೆ ಹೊಳಪು ಕೂತು ಹಚ್ಚೆಯ ಸಣ್ಣ ಗೆರೆಗಳು ಹಾಳಾಗುತ್ತವೆ.

ಕೂರಿಸುವುದರಲ್ಲೂ ಲೆಕ್ಕವಿದೆ. ಮಧ್ಯಮ ಗಾತ್ರದ ಫಿಲ್ಮ್ ಕ್ಯಾಮೆರಾದಲ್ಲಿ 80 ಎಂಎಂ ಲೆನ್ಸ್ ಹಾಕಿ, ಒಂದೂವರೆ ಮೀಟರ್ ದೂರದಿಂದ ಎಫ್ 5.6ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವುದು ಸುಮಾರು 20 ಸೆಂ.ಮೀ. ಆಳ ಮಾತ್ರ. ಮೂಗಿನಿಂದ ಕಿವಿಯವರೆಗೆ ಧಾರಾಳ. ಅದೇ ಅಜ್ಜಿ ಕೈಗಳನ್ನು ಮುಂದಕ್ಕೆ ಚಾಚಿ ಮಂಡಿಯ ಮೇಲಿಟ್ಟರೆ ಮುಂಗೈ ಹಚ್ಚೆ ಮಸುಕು. ತೋಳುಗಳನ್ನು ಮೈಗೆ ತಾಗಿಸಿ ಎದೆಯ ಮೇಲೆ ಕಟ್ಟಿಸಿದರೆ ಮುಖ, ತೋಳು ಎರಡೂ ಒಂದೇ ಸಮತಲಕ್ಕೆ ಬರುತ್ತವೆ.

ವರ್ಜೋಸಾ ಸರಣಿಯ ಬಗ್ಗೆ ಒಂದು ಆಕ್ಷೇಪ ಇಟ್ಟುಕೊಳ್ಳಲೇಬೇಕು. ಅದರ ಶೀರ್ಷಿಕೆ ಇವರನ್ನು 'ಕೊನೆಯ' ಹಚ್ಚೆಯ ಹೆಂಗಸರು ಎನ್ನುತ್ತದೆ. ಅಳಿಯುತ್ತಿರುವ ಜನ, ಅಳಿಯುವ ಮೊದಲು ದಾಖಲಿಸಬೇಕು ಎಂಬ ಮಾತು ವಸಾಹತು ಕಾಲದ ಅಳತೆಗಾರರದ್ದೂ ಆಗಿತ್ತು. ಬುಸ್ಕಲಾನ್‌ನಲ್ಲಿ ನಡೆದದ್ದು ಬೇರೆ. ವಾಂಗ್-ಒಡ್ ತಮ್ಮ ಮನೆತನದ ಎಳೆಯ ಹೆಣ್ಣುಮಕ್ಕಳಿಗೆ ಕಸುಬು ಕಲಿಸಿದರು, ಪ್ರವಾಸಿಗರು ಸಾಲುಗಟ್ಟಿದರು, ಹಳ್ಳಿಯ ಇನ್ನಷ್ಟು ಜನ ಕೋಲು ಹಿಡಿದರು. ಅದಕ್ಕೆ ಈ ಚಿತ್ರಗಳ ಪ್ರಚಾರವೂ ಕೈಜೋಡಿಸಿರಬೇಕು.

ಊರು ಬಿಟ್ಟವರು

ದೇಶ ಬಿಟ್ಟು ದುಡಿಯಲು ಹೋಗುವ ಫಿಲಿಪಿನೊಗಳಿಗೆ ಭಾವಚಿತ್ರವೆಂದರೆ ಮೊದಲು ನೆನಪಾಗುವುದು ಅರ್ಜಿಗೆ ಅಂಟಿಸುವ ಎರಡಿಂಚು ಚೌಕದ ಫೋಟೊ. ಬಿಳಿ ಹಿನ್ನೆಲೆ, ನೇರ ನೋಟ. ಕೆಲವು ಪರೀಕ್ಷೆಗಳ ಅರ್ಜಿಗೆ ಎದೆಯ ಮಟ್ಟದಲ್ಲಿ ಹೆಸರಿನ ಚೀಟಿಯೂ ಬೇಕು. ಮನಿಲಾದಲ್ಲಿ ಹುಟ್ಟಿ ಅಮೆರಿಕದಲ್ಲಿರುವ ಸ್ಟೆಫನಿ ಸಿಹುಕೊ ಇದನ್ನೇ ಹಿಡಿದು, ವಲಸಿಗರ ಮುಖ ಬಟ್ಟೆಯಿಂದ ಮುಚ್ಚಿರುವ ಪಾಸ್‌ಪೋರ್ಟ್ ಅಳತೆಯ ಚಿತ್ರಗಳನ್ನು ಮಾಡಿದರು. ಇನ್ನೊಂದು ಸರಣಿಗೆ ಅಮೆರಿಕದ ಮಾಲ್‌ಗಳಿಂದ ಕ್ರೆಡಿಟ್ ಕಾರ್ಡಿನಲ್ಲಿ ಬಟ್ಟೆಬರೆ ಕೊಂಡು, ಹಳೆಯ 'ಬುಡಕಟ್ಟು' ಚಿತ್ರದಂತೆ ತೊಟ್ಟು, ಫೋಟೊ ಮುಗಿದ ಮೇಲೆ ಅವನ್ನು ಅಂಗಡಿಗೆ ವಾಪಸು ಕೊಟ್ಟರು. 2019ರಲ್ಲಿ ಸೇಂಟ್ ಲೂಯಿ ಮೇಳದ ಹಳೆಯ ಫೋಟೊಗಳ ಮೇಲೆ ತಮ್ಮ ಅಂಗೈ, ಬೆರಳುಗಳನ್ನಿಟ್ಟು ಮುಖಗಳನ್ನು ಮರೆಮಾಡಿ ಮತ್ತೆ ಫೋಟೊ ತೆಗೆದರು. ನೋಡುವವರಿಗೆ ಕಿರಿಕಿರಿಯಾಗುತ್ತದೆ. ಆಗಬೇಕಾದದ್ದೂ ಅದೇ.

ರಿಕ್ ರೊಕಾಮೊರಾ ಅವರದು ನೇರ ದಾಖಲೆಯ ದಾರಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ ಫಿಲಿಪಿನೊ ಸೈನಿಕರ ಸೌಲಭ್ಯಗಳನ್ನು 1946ರ ಕಾಯ್ದೆ ಕಿತ್ತುಕೊಂಡಿತ್ತು. 1990ರ ಕಾಯ್ದೆ ಪೌರತ್ವದ ಬಾಗಿಲು ತೆರೆದ ಮೇಲೆ ಬಂದ ಮುದುಕರು ಸ್ಯಾನ್ ಫ್ರಾನ್ಸಿಸ್ಕೊದ ಬಾಡಿಗೆ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದುದನ್ನು ರೊಕಾಮೊರಾ ವರ್ಷಗಟ್ಟಲೆ ಹಿಡಿದಿಟ್ಟರು. 2009ರಲ್ಲಿ ಕೊನೆಗೂ ಇಡಿಗಂಟು ಮಂಜೂರಾಯಿತು: ಅಮೆರಿಕದ ಪೌರರಾದವರಿಗೆ 15,000 ಡಾಲರ್, ಆಗದವರಿಗೆ 9,000. ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸದವರಾಗಿದ್ದ ಸೈಜಾ ಕ್ರೂಸ್ ಬಕಾನಿ ಒಡತಿಯಿಂದ ಸಾಲ ಪಡೆದು ಕ್ಯಾಮೆರಾ ಕೊಂಡವರು. 2018ರ ಅವರ 'ವಿ ಆರ್ ಲೈಕ್ ಏರ್' ಪುಸ್ತಕ ಅದೇ ಕಸುಬಿನ ಹೆಂಗಸರದು. ಗೆಲಾಯ್ ಕಾನ್ಸೆಪ್ಸಿಯಾನ್, ಮನಿಲಾದಲ್ಲಿ ಆಸರೆ ಕಳೆದುಕೊಂಡ ವಯಸ್ಸಾದ ಗೇ ಸಮುದಾಯದವರನ್ನು ರಾಣಿಯರ ಉಡುಗೆಯಲ್ಲಿ ಚಿತ್ರಿಸಿದರು. ಆ ಉಡುಗೆ ಹೊರಗಿನವರು ತೊಡಿಸಿದ್ದಲ್ಲ. ಹಾಗೆ ಸಿಂಗರಿಸಿಕೊಂಡು ವೇದಿಕೆ ಏರುವುದು ಆ ಬಳಗದ ರೂಢಿಯೇ.

ಒಪ್ಪಿಗೆ ಮತ್ತು ಹಿಂದಿರುಗಿಸುವುದು

ಫಿಲಿಪೀನ್ಸಿನ 1997ರ ಮೂಲನಿವಾಸಿಗಳ ಹಕ್ಕುಗಳ ಕಾಯ್ದೆ, ಸಮುದಾಯದ ಒಪ್ಪಿಗೆಯನ್ನು ಮುಂಚಿತವಾಗಿ, ವಿಷಯ ತಿಳಿಸಿ, ಒತ್ತಾಯವಿಲ್ಲದೆ ಪಡೆಯಬೇಕೆನ್ನುತ್ತದೆ. ಪಾರಂಪರಿಕ ಜ್ಞಾನದ ಸಂಶೋಧನೆ, ದಾಖಲಾತಿಗೆ ಮೂಲನಿವಾಸಿ ಆಯೋಗ 2012ರಲ್ಲಿ ಪ್ರತ್ಯೇಕ ನಿಯಮ ತಂದಿತು. ಒಬ್ಬರ ಸಹಿ ಅಲ್ಲಿಗೆ ಸಾಲದು. ಎಡವಟ್ಟಾಗುವುದೂ ಇಲ್ಲೇ: ಅಜ್ಜಿ ಹೆಬ್ಬೆಟ್ಟು ಒತ್ತಿರುತ್ತಾರೆ, ಊರ ಹಿರಿಯರಿಗೆ ಗೊತ್ತಿರುವುದಿಲ್ಲ. 2021ರಲ್ಲಿ ವಾಂಗ್-ಒಡ್ ಹೆಸರಿನ ಆನ್‌ಲೈನ್ ಕೋರ್ಸೊಂದು ಎಬ್ಬಿಸಿದ ಗದ್ದಲದ ತಿರುಳೂ ಒಪ್ಪಿಗೆ ಯಾರದು, ಎಷ್ಟರ ಮಟ್ಟಿಗೆ ಎಂಬುದೇ ಆಗಿತ್ತು.

ಹಳೆಯ ಸಾಲವೂ ತೀರಿಲ್ಲ. ವುರ್ಸೆಸ್ಟರ್ ಕಲಿಸುತ್ತಿದ್ದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವನ ಗಾಜಿನ ನೆಗೆಟಿವ್‌ಗಳಿವೆ. ಫಿಲಿಪೀನ್ಸ್ ಸಂಗ್ರಹಗಳ ವಿಷಯದಲ್ಲಿ ಆದ ಅನ್ಯಾಯ ಸರಿಪಡಿಸುವ ಕೆಲಸವನ್ನು ವಿಶ್ವವಿದ್ಯಾಲಯ ಇತ್ತೀಚೆಗೆ ಕೈಗೆತ್ತಿಕೊಂಡಿದೆ. ಇಂಥ ಕೆಲಸ ನಿಧಾನ. ಚಿತ್ರಗಳನ್ನು ಪಂಗಡದ ಪ್ರಕಾರ ಜೋಡಿಸಿದ್ದರೆ ವ್ಯಕ್ತಿಯ ಹೆಸರಿನಿಂದ ಹುಡುಕಲಾಗದು. ಊರ ಹೆಸರನ್ನು ಅಮೆರಿಕನ್ ಕಿವಿಗೆ ಕೇಳಿದಂತೆ ಬರೆದಿದ್ದರೆ ಈಗಿನ ನಕ್ಷೆಗೆ ಹೊಂದುವುದಿಲ್ಲ. ಜಾಲತಾಣಕ್ಕೆ ಏರಿಸಿಬಿಟ್ಟರೆ ಮುಗಿಯಿತು ಎನ್ನುವಂತೆಯೂ ಇಲ್ಲ, ಏಕೆಂದರೆ ಬೆತ್ತಲೆ ನಿಲ್ಲಿಸಿ ತೆಗೆದ ಚಿತ್ರಗಳೂ ಅದರಲ್ಲಿವೆ. ಅವು ಎಲ್ಲರಿಗೂ ಕಾಣಬೇಕೋ ಬೇಡವೋ ಎಂದು ಹೇಳಬೇಕಾದವರು ಆ ಊರಿನವರು. ಕಾಗದದ ಪ್ರಿಂಟ್ ಮಾಡಿ, ಹಿಂಬದಿಗೆ ನೆಗೆಟಿವ್ ಸಂಖ್ಯೆ ಬರೆದು, ಹಳ್ಳಿಗೆ ಒಯ್ದು ಹಿರಿಯರ ಕೈಗೆ ಕೊಟ್ಟು, ಅವರು ಹೇಳಿದ ಹೆಸರನ್ನು ಅವರ ಮುಂದೆಯೇ ಬರೆದುಕೊಳ್ಳುವುದು ಹೆಚ್ಚು ಕೆಲಸಕ್ಕೆ ಬರುವ ದಾರಿ. ಪೆನ್ಸಿಲ್ಲಿನಲ್ಲಿ ಬರೆಯಬೇಕು, ಬಾಲ್‌ಪೆನ್ನಿನ ಒತ್ತಿಗೆ ಪ್ರಿಂಟ್‌ನ ಮುಂಬದಿಯಲ್ಲಿ ಗೀರು ಏಳುತ್ತದೆ.