ಲಾಯದ ಪಕ್ಕದಲ್ಲಿ ಹುಟ್ಟಿದವರು

ಸರ್ಕಸ್ ಮಕ್ಕಳ ಮಾತು ಬಂದರೆ ಸಾಕು, ಜಗಳ ಶುರು. ಮನೆತನದ ವಿದ್ಯೆ ಅದು, ಚಿಕ್ಕಂದಿನಲ್ಲೇ ಬರಬೇಕು ಅನ್ನುವವರು ಒಂದು ಕಡೆ. ಆಡುವ ವಯಸ್ಸಿನ ಮಕ್ಕಳನ್ನು ದುಡಿಸಿದ್ದಕ್ಕೆ ಚೆಂದದ ಹೆಸರು ಅಷ್ಟೇ ಅನ್ನುವವರು ಇನ್ನೊಂದು ಕಡೆ. ಈ ಗಂಟು ಬಿಚ್ಚಬೇಕಾದರೆ ಜೋಕರು, ಹುಲಿಗಳನ್ನೆಲ್ಲ ಬದಿಗಿಟ್ಟು ಕುದುರೆ ಲಾಯಕ್ಕೆ ಹೋಗಬೇಕು.

ಸರ್ಕಸ್ ಹುಟ್ಟಿದ್ದೇ ಅಲ್ಲಿ. 1768ರಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಮಾಜಿ ಅಶ್ವದಳದ ಸೈನಿಕ ಲಂಡನ್ನಿನಲ್ಲಿ ಸವಾರಿಯ ಆಟ ತೋರಿಸತೊಡಗಿದ. ಕುದುರೆ ದುಂಡಗೆ ಓಡುವಾಗ ಸವಾರ ಒಳಕ್ಕೆ ವಾಲುತ್ತಾನೆ, ಓಟದ ರಭಸ ಅವನನ್ನು ಹೊರಕ್ಕೆ ಎಳೆಯುತ್ತದೆ. ಎರಡೂ ಸರಿತೂಗಿದರೆ ಬೆನ್ನ ಮೇಲೆ ನಿಲ್ಲುವುದು ಸುಲಭ. ಮುಂದೆ ರಿಂಗಿನ, ಅಂದರೆ ಆಟ ನಡೆಯುವ ದುಂಡು ಕಣದ, ಅಡ್ಡಳತೆ 42 ಅಡಿ ಎಂದು ಗಟ್ಟಿಯಾಯಿತು. ಒಂದು ಊರಲ್ಲಿ ಪಳಗಿದ ಕುದುರೆ ಇನ್ನೊಂದು ಊರಿನ ರಿಂಗಿನಲ್ಲೂ ತಡವರಿಸದೆ ಓಡುತ್ತಿತ್ತು. ಆಸ್ಟ್ಲಿಯ ಹೆಂಡತಿ ಪ್ಯಾಟಿಯೂ ಸವಾರಿ ಮಾಡುತ್ತಿದ್ದಳು. ಮಗ ಜಾನ್ ಎಳೆಯ ವಯಸ್ಸಿನಲ್ಲೇ ಕುದುರೆ ಏರಿದ. ಅಂದರೆ ಮೊದಲ ದಿನಗಳಿಂದಲೂ ಇದು ಸಂಸಾರದ ಕಸುಬೇ.

ಮುಂದಿನ ನೂರು ವರ್ಷದಲ್ಲಿ ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳಲ್ಲೆಲ್ಲ ಸವಾರರ ಮನೆತನಗಳು ಬೇರುಬಿಟ್ಟವು.

ಆದರೆ 'ಮನೆತನ' ಅನ್ನುವ ಮಾತು ಸ್ವಲ್ಪ ಮೋಸದ್ದು. ಅದರಲ್ಲಿ ಹೊಟ್ಟೆಯಲ್ಲಿ ಹುಟ್ಟಿದವರೂ ಇದ್ದರು, ಕಲಿಯಲೆಂದು ಒಪ್ಪಂದ ಮಾಡಿ ಬಿಟ್ಟುಹೋದ ಮಕ್ಕಳೂ ಇದ್ದರು. ಎಷ್ಟೋ ಮಕ್ಕಳಿಗೆ ಗುರುವಿನ ಹೆಸರೇ ಮನೆಹೆಸರಾಗುತ್ತಿತ್ತು. ಪೋಸ್ಟರ್ ನೋಡಿ ಮಗ ಯಾರು, ಆಳು ಯಾರು ಅಂತ ಹೇಳೋಕೆ ಆಗುತ್ತಿರಲಿಲ್ಲ.

ಕಾನೂನು ತಡವಾಗಿ ಬಂತು. 1879ರಲ್ಲಿ ಬ್ರಿಟನ್ 14 ವರ್ಷದೊಳಗಿನ ಮಕ್ಕಳ ಅಪಾಯಕಾರಿ ಪ್ರದರ್ಶನ ನಿಷೇಧಿಸಿತು. 1897ರಲ್ಲಿ ಆ ಮಿತಿ ಹುಡುಗರಿಗೆ 16, ಹುಡುಗಿಯರಿಗೆ 18 ಆಯಿತು. ಕಾನೂನಿನ ಕಣ್ಣು ಇದ್ದದ್ದು ಪ್ರೇಕ್ಷಕರ ಮುಂದಿನ ಆಟದ ಮೇಲೆ. ಬೆಳಗಿನ ಜಾವದ ಅಭ್ಯಾಸದಲ್ಲಿ ಬಿದ್ದ ಮಗುವಿನ ಲೆಕ್ಕ ಇಡುವವರು ಯಾರು?

ಮೇ ವಿರ್ತ್‌ಳ ಬದುಕನ್ನೇ ನೋಡಿ. ಹುಟ್ಟಿದ್ದು 1894ರಲ್ಲಿ, ಆಸ್ಟ್ರೇಲಿಯಾದ ಬಂಡಾಬರ್ಗ್‌ನಲ್ಲಿ, ಸರ್ಕಸ್ಸಿನವರ ಮಗಳಾಗಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಅವಳನ್ನು ದತ್ತು ತೆಗೆದುಕೊಂಡದ್ದು ವಿರ್ತ್ ಮನೆತನದ ಸವಾರಿಣಿ ಮರೈಜ್ಲಸ್. ಕಾಲು ಜಾರದಂತೆ ಕುದುರೆಯ ಬೆನ್ನಿಗೆ ರಾಳದ ಪುಡಿ ಹಚ್ಚುತ್ತಾರೆ. ಜೀನಿಲ್ಲ, ಹಿಡಿಯಲು ಏನೂ ಇಲ್ಲ. ಓಡುವ ಕುದುರೆಯ ಬೆನ್ನಲ್ಲಿ ಅವಳು ಮುಂದಕ್ಕೆ ಲಾಗ ಹಾಕುತ್ತಿದ್ದಳು. ಹಿಂದಕ್ಕೆ ಹಾಕುವುದಕ್ಕಿಂತ ಇದು ಎಷ್ಟೋ ಕಷ್ಟ, ಏಕೆಂದರೆ ಕಾಲು ಊರುವ ಜಾಗ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಕಾಲಿಗೆ ಬುಟ್ಟಿ ಕಟ್ಟಿಕೊಂಡು ನೆಲದಿಂದ ಕುದುರೆಯ ಮೇಲಕ್ಕೆ ಹಾರುವುದು ಇನ್ನೊಂದು ಆಟ. 1912ರಲ್ಲಿ ಅಮೆರಿಕದ ಬಾರ್ನಮ್ ಆಂಡ್ ಬೇಲಿ ಸರ್ಕಸ್ ಸೇರಿದಳು. ಮರುವರ್ಷ ಬಿದ್ದು ತೀವ್ರವಾಗಿ ಗಾಯಗೊಂಡಳು. ಮತ್ತೆ ಬಂದಳು. 1937ರವರೆಗೂ ಸವಾರಿ ಮಾಡಿದಳು. ಇವಳು ದುಡಿಸಿಕೊಳ್ಳಲ್ಪಟ್ಟ ಮಗುವೋ, ಕಸುಬನ್ನು ಗೆದ್ದ ಹೆಂಗಸೋ? ನನಗಂತೂ ಎರಡೂ ಕಾಣುತ್ತದೆ.

ಅದೇ ಕಾಲದ ಇನ್ನೊಬ್ಬ ಪೂಡಲ್ಸ್ ಹ್ಯಾನಫರ್ಡ್. ಇಂಗ್ಲೆಂಡಿನ ಸವಾರರ ಮನೆತನದವನು, 1915ರಲ್ಲಿ ಮನೆಮಂದಿಯೊಂದಿಗೆ ಅಮೆರಿಕಕ್ಕೆ ಬಂದ. ದೊಡ್ಡ ತುಪ್ಪಳದ ಕೋಟು ಹಾಕಿಕೊಂಡು ಬೀಳುವವನಂತೆ ನಟಿಸುತ್ತಿದ್ದ. ಬೀಳುತ್ತಿರಲಿಲ್ಲ. ಓಡುವ ಕುದುರೆಯ ಬೆನ್ನಿಂದ ಗಾಳಿಗೆ ಹೆಜ್ಜೆ ಇಟ್ಟು ಇಳಿದಂತೆ ಮಾಡುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಕುದುರೆ ಆಟ ಮುಂದೆ ಯಾಕೆ ಕಳೆಗುಂದಿತು ಅನ್ನುವುದಕ್ಕೆ ಆ ನಗುವಿನಲ್ಲೇ ಒಂದು ಸುಳಿವಿತ್ತು ಅನ್ನಿಸುತ್ತದೆ. ದಿನಾ ಕುದುರೆ ಹತ್ತುತ್ತಿದ್ದ ಕಾಲದ ಜನಕ್ಕೆ ಒಳ್ಳೆಯ ಸವಾರಿ ಅಂದರೇನು ಅಂತ ಗೊತ್ತಿತ್ತು. ರಸ್ತೆಗೆ ಕಾರು ಬಂದ ಮೇಲೆ ಆ ಕಣ್ಣು ಹೋಯಿತು. ಟ್ರಪೀಜ್‌ನ (ಮೇಲೆ ತೂಗಾಡುವ ಜೋಕಾಲಿಯ) ಎತ್ತರ ಯಾರಿಗಾದರೂ ಅರ್ಥವಾಗುತ್ತದೆ, ಮುಂದಕ್ಕೆ ಹಾಕಿದ ಲಾಗದ ಕಷ್ಟ ಹಾಗಲ್ಲ. ಲಾಯ ಸಾಕುವ ಖರ್ಚೂ ಜಾಸ್ತಿ. ಹಾಗಾಗಿ ಎಷ್ಟೋ ಮನೆತನಗಳು ಸದ್ದಿಲ್ಲದೆ ಕುದುರೆ ಬಿಟ್ಟವು.

ಎಲ್ಲರೂ ಬಿಡಲಿಲ್ಲ. ಸ್ವಿಟ್ಜರ್ಲೆಂಡಿನ ಕ್ನೀ ಮನೆತನದ ಪುಟ್ಟ ಮಕ್ಕಳು ಈಚಿನವರೆಗೂ ಪೋನಿ ಎಂಬ ಗಿಡ್ಡ ಕುದುರೆಗಳ ಜೊತೆ ರಿಂಗಿಗೆ ಬಂದಿದ್ದಾರೆ. ಮಗು ಕೈ ಎತ್ತಿದರೆ ಪೋನಿ ತಿರುಗುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಹಳೇ ಜಗಳ ಅಲ್ಲಿಂದ ಮತ್ತೆ ಶುರು.