ಮಕ್ಕಳ ಶ್ವಾಸಕೋಶಕ್ಕೇ ಬೇರೆ ಡಾಕ್ಟರ್ ಇರ್ತಾರಾ?

ಅರಕಲಗೂಡು ಕಡೆಯ ತಾಯಿಯೊಬ್ಬರ ಪ್ರಶ್ನೆ: "ನನ್ನ ಮಗನಿಗೆ 4 ವರ್ಷ. ಮಳೆ ಶುರುವಾದ್ರೆ ಸಾಕು, ಎದೆ ಗೊರಗೊರ ಅನ್ನುತ್ತೆ. ಹಾಸನದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸ್ತಾ ಇದ್ದೀವಿ. ನಮ್ಮ ಮಾವ, ಶ್ವಾಸಕೋಶದ ಡಾಕ್ಟರಿಗೇ ತೋರಿಸಿ ಅಂತಾರೆ. ಬೆಂಗಳೂರಲ್ಲಿರೋ ತಂಗಿ, ಮಕ್ಕಳ ಶ್ವಾಸಕೋಶಕ್ಕೇ ಬೇರೆ ಡಾಕ್ಟರ್ ಇದ್ದಾರೆ ಅಂತಾಳೆ. ಹೌದಾ? ಅವರು ಏನು ಜಾಸ್ತಿ ಓದಿರ್ತಾರೆ?"

ಹೌದಮ್ಮ, ಇದ್ದಾರೆ. ತುಂಬ ಕಡಿಮೆ ಜನ ಇದ್ದಾರೆ. ಆದರೆ ನಿಮ್ಮ ಮಗನಿಗೆ ಅವರು ಬೇಕೇ ಬೇಕು ಅಂತಿಲ್ಲ.

ಮೊದಲು ಓದಿನ ಲೆಕ್ಕ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಮಕ್ಕಳ ವಿಭಾಗದಲ್ಲಿ ಎಂಡಿ ಮಾಡಲು 3 ವರ್ಷ. ನಮ್ಮಂಥ ಮಕ್ಕಳ ಡಾಕ್ಟರುಗಳು ಬಹುತೇಕ ಇಲ್ಲಿಗೆ ನಿಲ್ಲುತ್ತೇವೆ. ಮುಂದೆ ಹೋಗುವವರು ಮತ್ತೊಂದು ಪ್ರವೇಶ ಪರೀಕ್ಷೆ ಬರೆದು, ಮಕ್ಕಳ ಶ್ವಾಸಕೋಶದ್ದೇ ಡಿಎಂ, ಅಂದರೆ ಎಂಡಿಗಿಂತ ಮೇಲಿನ ಕೋರ್ಸ್, ಸೇರುತ್ತಾರೆ. ಅದಕ್ಕೆ ಇನ್ನೂ 3 ವರ್ಷ. ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐನಂಥ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಗಳಲ್ಲಿ ಈ ಕೋರ್ಸ್ ಇದೆ. ಸೀಟುಗಳು ಬೆರಳೆಣಿಕೆಯಷ್ಟು. ಸೀಟು ಸಿಗದವರು, ಮನೆ ಬಿಟ್ಟು ಅಷ್ಟು ದೂರ ಹೋಗಲಾಗದವರು ದೊಡ್ಡ ಆಸ್ಪತ್ರೆಗಳಲ್ಲಿ ಫೆಲೋಶಿಪ್ ಅನ್ನೋ ತರಬೇತಿ ಮಾಡುತ್ತಾರೆ.

ನಿಮ್ಮ ಮಾವ ಹೇಳುವ ಶ್ವಾಸಕೋಶದ ಡಾಕ್ಟರ ದಾರಿ ಬೇರೆ. ಅವರು ಬಹುತೇಕ ಎಂಬಿಬಿಎಸ್ ಮುಗಿಸಿ ನೇರ ಶ್ವಾಸಕೋಶದ ಎಂಡಿಗೆ ಹೋದವರು. ಕಲಿತದ್ದು ಹೆಚ್ಚಾಗಿ ದೊಡ್ಡವರ ಮೇಲೆ: ಬೀಡಿ ಸೇದಿ ಕೆಟ್ಟ ಶ್ವಾಸಕೋಶ, ಟಿಬಿ, ಕ್ಯಾನ್ಸರ್. ಒಳ್ಳೆಯ ಡಾಕ್ಟರೇ, ಆದರೆ ಮಗುವಿನ ಎದೆ ಅಂದರೆ ದೊಡ್ಡವರ ಎದೆಯ ಚಿಕ್ಕ ಸೈಜ್ ಅಲ್ಲ. ತೋಟದಲ್ಲಿ ಪೈಪು ಎಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ಇಂಚಿನ ಪೈಪನ್ನು ಒಂದು ಇಂಚಿಗೆ ಇಳಿಸಿದರೆ ನೀರು ಅರ್ಧಕ್ಕಲ್ಲ, ಅದಕ್ಕಿಂತ ಎಷ್ಟೋ ಕಡಿಮೆಗೆ ಇಳಿಯುತ್ತೆ. ಉಸಿರಿನ ಕೊಳವೆಯೂ ಹಾಗೇ. ಕೂಸಿನ 4 ಮಿಲಿಮೀಟರ್ ಕೊಳವೆ ಒಳಗಡೆ ಸುತ್ತಲೂ ಬರೀ 1 ಮಿಲಿಮೀಟರ್ ಊದಿಕೊಂಡರೆ ಅಗಲ ಅರ್ಧವಾಗುತ್ತೆ, ಗಾಳಿಗೆ ತಡೆ 16 ಪಟ್ಟು ಏರುತ್ತೆ. 8 ಮಿಲಿಮೀಟರ್ ಕೊಳವೆಯಲ್ಲಿ ಅಷ್ಟೇ ಊತ ಬಂದರೆ ತಡೆ ಏರೋದು ಸುಮಾರು 3 ಪಟ್ಟು. ನಿಮಗೆ ಬಂದ ನೆಗಡಿಯೇ ಮಗುವಿಗೂ ಬಂದು, ನೀವು ಅಡುಗೆ ಮಾಡಿಕೊಂಡು ಓಡಾಡುವಾಗ ಅದು ಏದುಸಿರು ಬಿಡೋದು ಇದಕ್ಕೇ.

ಹಾಗಾದರೆ ಆ 3 ವರ್ಷದಲ್ಲಿ ಏನು ಕಲಿಸುತ್ತಾರೆ? ಮೆಷಿನ್ನುಗಳು ಖಂಡಿತ ಇವೆ. ಊದುಬತ್ತಿಯಷ್ಟು ದಪ್ಪದ, ಅಂದರೆ 2.8 ಮಿಲಿಮೀಟರಿನ ಬ್ರಾಂಕೋಸ್ಕೋಪನ್ನು (ಒಳಗಡೆ ನೋಡುವ ನಳಿಕೆ) ಮೂಗಿನಿಂದ ಶ್ವಾಸಕೋಶದವರೆಗೆ ಇಳಿಸುವುದು. ಬೆವರಿನಲ್ಲಿ ಉಪ್ಪಿನಂಶ ಅಳೆದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆ ಹಿಡಿಯುವುದು. ಐದಾರು ವರ್ಷದ ಮಗುವಿಗೆ ಕಂಪ್ಯೂಟರ್ ಪರದೆಯ ಮೇಲಿನ ಮೇಣದ ಬತ್ತಿ ತೋರಿಸಿ, "ಊದು, ಊದು, ಇನ್ನೂ ಊದು" ಅಂತ ಕೂಗಿ ಪೂರ್ತಿ ಉಸಿರು ಬಿಡಿಸಿ ಅಳೆಯುವುದು. ಮಗು ನಡುವೆ ನಕ್ಕರೆ ಪರೀಕ್ಷೆ ಮತ್ತೆ ಮೊದಲಿನಿಂದ.

ನನ್ನ ಪ್ರಕಾರ ಅಸಲಿ ಪಾಠ ಬೇರೆ. ನೀವು ಬರೆದ ಆ 'ಗೊರಗೊರ'ವನ್ನೇ ತಗೊಳ್ಳಿ. ನಮ್ಮ ಕಡೆ ಎಲ್ಲ ಸದ್ದಿಗೂ ಅದೊಂದೇ ಮಾತು. ಉಸಿರು ಬಿಡುವಾಗ ಸಿಳ್ಳೆ ಥರ ಸುಯ್ ಅಂದರೆ ಎದೆಯೊಳಗಿನ ಸಣ್ಣ ಕೊಳವೆಗಳು ಬಿಗಿದಿವೆ. ಎಳೆದುಕೊಳ್ಳುವಾಗ ಗರ್ ಅಂದರೆ ಗಂಟಲ ಹತ್ತಿರ ತೊಂದರೆ. ಎರಡೂ ಅಲ್ಲದ ಗೊರಗೊರ ಹೆಚ್ಚಾಗಿ ಮೂಗು, ಗಂಟಲಲ್ಲಿ ನಿಂತ ಸಿಂಬಳದ್ದು. ಮೂರಕ್ಕೂ ಔಷಧಿ ಬೇರೆ ಬೇರೆ. ಅದಕ್ಕೇ ಪಳಗಿದ ಡಾಕ್ಟರು ತಾಯಿಯ ಎದುರು ಕೂತು ಮೂರೂ ಸದ್ದು ತಾವೇ ಮಾಡಿ, "ಇದಾ? ಇದಾ?" ಅಂತ ಕೇಳುತ್ತಾರೆ. ನೋಡಲು ತಮಾಷೆ, ಆದರೆ ಎಷ್ಟೋ ಸಲ ಎಕ್ಸ್‌ರೇ ಖರ್ಚು ಉಳಿಯೋದು ಅಲ್ಲೇ.

ನಾನು ಎಂಡಿ ಮಾಡುವಾಗಿನ ಒಂದು ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದ ಹುಡುಗಿ, ಮೂರನೇ ಸಲ ನ್ಯುಮೋನಿಯಾ. ಮೂರು ಸಲವೂ ಬಲಗಡೆ, ಅದೇ ಜಾಗ. ನಾನು ಮೂರನೇ ಸಲವೂ ಆಂಟಿಬಯಾಟಿಕ್ ಬರೆದೆ. ಈ ವಿಷಯದಲ್ಲೇ ತರಬೇತಿ ಪಡೆದಿದ್ದ ಸೀನಿಯರ್ ಒಬ್ಬರು ಮೂರೂ ಎಕ್ಸ್‌ರೇ ಫಿಲ್ಮುಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ತಾಯಿಯನ್ನಲ್ಲ, ಅಜ್ಜಿಯನ್ನು ಕೇಳಿದರು: "ಅಜ್ಜಿ, ಯಾವತ್ತಾದ್ರೂ ತಿನ್ನುವಾಗ ಉಸಿರು ಕಟ್ಟಿ ಕೆಮ್ಮಿತ್ತಾ?" ಅಜ್ಜಿ ಯೋಚಿಸಿ ಹೇಳಿದರು, "ಹೂಂ ಸ್ವಾಮಿ, ಕಡಲೆಕಾಯಿ ಸುಲೀತಾ ಕೂತಿದ್ವಿ. ಕೆಮ್ಮಿತು, ಬೆನ್ನು ತಟ್ಟಿದೆ, ಸರಿಹೋಯ್ತು." ಸರಿಹೋಗಿರಲಿಲ್ಲ. ಅರಿವಳಿಕೆ ಕೊಟ್ಟು ನಳಿಕೆ ಇಳಿಸಿ ತೆಗೆದಾಗ ಬಂದದ್ದು ಅರ್ಧ ಬೇಳೆ ಕಡಲೆಕಾಯಿ. ಎಕ್ಸ್‌ರೇಯಲ್ಲಿ ಅದು ಕಾಣೋದೇ ಇಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ, ಅಷ್ಟೇ.

ಈಗ ನಿಮ್ಮ ಮಗನ ವಿಷಯ. ತೂಕ ಏರುತ್ತಿದೆ, ಕೆಮ್ಮಿಲ್ಲದ ದಿನಗಳಲ್ಲಿ ಓಡಾಡಿಕೊಂಡಿದ್ದಾನೆ, ಪಂಪಿಗೆ (ಬಾಯಿಂದ ಎಳೆದುಕೊಳ್ಳುವ ಇನ್ಹೇಲರ್ ಔಷಧಿಗೆ) ಬಗ್ಗುತ್ತೆ ಅಂದರೆ ಈಗಿನ ಮಕ್ಕಳ ಡಾಕ್ಟರೇ ಸಾಕು. ಹಂಡೆ ಒಲೆಯ ಹೊಗೆಯಿಂದ ಅವನನ್ನು ದೂರ ಇಡಿ. ತೂಕ ಏರದಿದ್ದರೆ, ಕಫದ ಕೆಮ್ಮು ಒಂದು ದಿನವೂ ಬಿಡದೆ 4 ವಾರ ದಾಟಿದರೆ, ಒಂದೇ ಕಡೆ ಮತ್ತೆ ಮತ್ತೆ ನ್ಯುಮೋನಿಯಾ ಆದರೆ, ಹುಟ್ಟಿದಾಗಿನಿಂದಲೂ ಉಸಿರಲ್ಲಿ ಸದ್ದಿದ್ದರೆ, ಬೆರಳ ತುದಿ ಗುಂಡಗೆ ಊದಿದಂತೆ ಕಂಡರೆ, ನಿಮ್ಮ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಬೆಂಗಳೂರಿಗೆ ಹೋಗಿ. ಮಗು ಮಲಗಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಅವನ ವಯಸ್ಸಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಂದೇ ತೋರಿಸಬೇಕು. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಬೆಂಗಳೂರಿನ ಯೋಚನೆ ಬಿಡಿ, ಹತ್ತಿರದ ಆಸ್ಪತ್ರೆಗೆ ಓಡಿ.

ಬೆಂಗಳೂರಿಗೆ ಹೊರಟರೆ ಹಳೆಯ ಎಕ್ಸ್‌ರೇ ಎಲ್ಲ ಇರಲಿ. ಸದ್ದು ಬರುವಾಗ ಅಂಗಿ ಬಿಚ್ಚಿ ಫೋನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಯಾಕೆಂದರೆ ಅಲ್ಲಿಗೆ ಹೋದಾಗ ಮಗು ಸುಮ್ನೆ ಆಟ ಆಡಿಕೊಂಡಿರುತ್ತೆ. ಪಂಪು, ಅದಕ್ಕೆ ಜೋಡಿಸುವ ಡಬ್ಬಿ (ಸ್ಪೇಸರ್) ಎರಡನ್ನೂ ಮರೆಯದೆ ಚೀಲಕ್ಕೆ ಹಾಕಿ. ಎಷ್ಟೋ ಡಾಕ್ಟರು ಮೊದಲು ಹೇಳೋದೇ, "ಮನೇಲಿ ಹೇಗೆ ಕೊಡ್ತೀರಿ, ಒಂದ್ಸಲ ಕೊಟ್ಟು ತೋರಿಸಿ" ಅಂತ.