ಫ್ಯೂಯಲ್ ಸ್ಟ್ಯಾಕಿಂಗ್: ಗ್ಯಾಸ್ ಬಂದರೂ ಸೌದೆ ಒಲೆ ಯಾಕೆ ಉರಿಯುತ್ತದೆ?

ಬಡವರ ಮನೆಗೆ ಗ್ಯಾಸ್ ಕೊಟ್ಟರೆ ಸೌದೆ ಒಲೆ ಮೂಲೆ ಸೇರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ ಹಾಗಾಗುವುದು ಕಡಿಮೆ. ಅವಸರಕ್ಕೆ ಟೀ ಗ್ಯಾಸ್ ಮೇಲೆ, ಹೊತ್ತು ಹಿಡಿಯುವ ಕಾಳು ಸೌದೆ ಒಲೆ ಮೇಲೆ, ಸ್ನಾನದ ನೀರು ಕಡ್ಡಿ ಕಸದ ಉರಿಯಲ್ಲಿ. ಹೀಗೆ ಒಂದೇ ಮನೆಯಲ್ಲಿ ಹೊಸ ಇಂಧನ, ಹಳೆಯದು ಎರಡೂ ನಡೆಯುವುದಕ್ಕೆ ಫ್ಯೂಯಲ್ ಸ್ಟ್ಯಾಕಿಂಗ್ ಅನ್ನುತ್ತಾರೆ.

ಮೊದಲೆಲ್ಲ ತಜ್ಞರು 'ಎನರ್ಜಿ ಲ್ಯಾಡರ್' ಅಂತ ಮಾತಾಡುತ್ತಿದ್ದರು. ಸಂಪಾದನೆ ಏರಿದ ಹಾಗೆ ಜನ ಸಗಣಿ, ಸೌದೆ ಬಿಟ್ಟು ಇದ್ದಿಲು, ಸೀಮೆಎಣ್ಣೆಗೆ, ಆಮೇಲೆ ಗ್ಯಾಸು, ಕರೆಂಟಿಗೆ ಹತ್ತುತ್ತಾರೆ ಅನ್ನುವ ಲೆಕ್ಕ ಅದು. ಮೆಕ್ಸಿಕೋದ ಹಳ್ಳಿಗಳನ್ನು ನೋಡಿ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಒಪ್ಪಲಿಲ್ಲ. ಜನ ಹಳೆಯದನ್ನು ಬಿಡುವುದಿಲ್ಲ, ಅದರ ಜೊತೆಗೆ ಹೊಸದನ್ನು ಸೇರಿಸಿಕೊಳ್ಳುತ್ತಾರೆ ಅಂತ ತೋರಿಸಿತು.

ಇದಕ್ಕೆ ತಿಳಿವಳಿಕೆ ಇಲ್ಲ ಅಂತ ಬೈಯುವುದು ತಪ್ಪು. ಸಿಲಿಂಡರಿಗೆ ಇಡೀ ದುಡ್ಡು ಒಂದೇ ಸಲ ಬೇಕು. ದಿನಗೂಲಿ ಮನೆಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಇರುವುದಿಲ್ಲ. ಆಯ್ದು ತಂದ ಸೌದೆಗೆ ಕಾಸು ಬೇಡ, ಬೇಕಾಗುವುದು ಹೆಂಗಸರು ಮಕ್ಕಳ ದುಡಿಮೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿಲಿಂಡರ್ ಬೇಗ ಖಾಲಿಯಾದರೆ ಏನು ಗತಿ ಅನ್ನುವ ಭಯಕ್ಕೆ, ನೆಂಟರು ಬಂದಾಗ, ಮಳೆ ಬಂದಾಗ ಬೇಕಾಗುತ್ತದೆ ಅಂತ ಗ್ಯಾಸನ್ನು ಉಳಿಸಿ ಉಳಿಸಿ ಬಳಸುತ್ತಾರೆ. ದೊಡ್ಡ ಪಾತ್ರೆ ಸಣ್ಣ ಬರ್ನರ್ ಮೇಲೆ ಕೂರದಿರುವುದೂ ಒಂದು ಕಾರಣ.

ಕಷ್ಟ ಇರುವುದು ಹೊಗೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2021ರಲ್ಲಿ ಸತ್ತವರು ಸುಮಾರು 29 ಲಕ್ಷ. ಅರ್ಧ ಅಡುಗೆ ಗ್ಯಾಸಿಗೆ ಬಂದರೆ ಅರ್ಧ ಕಾಯಿಲೆ ಹೋಗಬೇಕು, ಅಲ್ವಾ? ಹೋಗುವುದಿಲ್ಲ. ತುಂಬಾ ಹೊಗೆ ಇರುವ ಕಡೆ ಸ್ವಲ್ಪ ತಗ್ಗಿಸಿದರೆ ಶ್ವಾಸಕೋಶಕ್ಕೆ, ಹೃದಯಕ್ಕೆ ಸಿಗುವ ಲಾಭ ಕಡಿಮೆ. ಹೊಗೆ ಹೆಚ್ಚುಕಡಿಮೆ ಇಲ್ಲವಾದಾಗಲೇ ಲಾಭ ಜಾಸ್ತಿ. ಹಾಗಾಗಿ ದಿನಕ್ಕೊಮ್ಮೆ ಹಚ್ಚುವ ಒಲೆಯೂ ಗ್ಯಾಸಿನಿಂದ ಸಿಕ್ಕ ಲಾಭದಲ್ಲಿ ದೊಡ್ಡ ಪಾಲನ್ನು ತಿಂದುಹಾಕುತ್ತದೆ.

ಅದಕ್ಕೇ ಎಷ್ಟು ಮನೆಗೆ ಕನೆಕ್ಷನ್ ಕೊಟ್ಟೆವು ಅನ್ನುವ ಲೆಕ್ಕ ನನಗೆ ಸಾಲದು ಅನ್ನಿಸುತ್ತದೆ. ವರ್ಷಕ್ಕೆ ಎಷ್ಟು ಸಲ ಸಿಲಿಂಡರ್ ತುಂಬಿಸಿದರು, ಹಳೆ ಒಲೆ ಎಷ್ಟು ಹೊತ್ತು ಉರಿಯಿತು ಅಂತ ಕೇಳಬೇಕು. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ನಡೆದ ಹ್ಯಾಪಿನ್ ಅಧ್ಯಯನದಲ್ಲಿ ಗರ್ಭಿಣಿಯರಿದ್ದ ಮನೆಗಳಿಗೆ ಸುಮಾರು 18 ತಿಂಗಳು ಗ್ಯಾಸನ್ನು ಪುಕ್ಕಟೆಯಾಗಿ, ಮನೆ ಬಾಗಿಲಿಗೇ ತಲುಪಿಸಿದರು. ಆ ಮನೆಗಳಲ್ಲಿ ಹಳೆ ಒಲೆ ಹಚ್ಚಿದ್ದು ತೀರಾ ಅಪರೂಪ.